ತನ್ನ ಹೆಸರಿಡದೆ ಕಟ್ಟಿದ ತಂಡ

ಫ್ಲೀಟ್‌ವುಡ್ ಮ್ಯಾಕ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು 1977ರ ‘ರೂಮರ್ಸ್’ ಆಲ್ಬಂ, ಸ್ಟೀವಿ ನಿಕ್ಸ್ ದನಿ. ಅದಕ್ಕೂ ಹತ್ತು ವರ್ಷ ಮೊದಲು ಲಂಡನ್ನಿನಲ್ಲಿ ಈ ಹೆಸರು ಹೊತ್ತು ಹುಟ್ಟಿದ್ದು ಅಪ್ಪಟ ಬ್ಲೂಸ್ ತಂಡ. ನನ್ನ ಕಿವಿಗೆ ಇಂದಿಗೂ ಹೆಚ್ಚು ಪ್ರಿಯವಾದದ್ದು ಅದೇ.

ಅದನ್ನು ಕಟ್ಟಿದವನು ಪೀಟರ್ ಗ್ರೀನ್, ಈಸ್ಟ್ ಎಂಡ್‌ನ ಯಹೂದಿ ಮನೆಯ ಹುಡುಗ. 1966ರಲ್ಲಿ ಎರಿಕ್ ಕ್ಲಾಪ್ಟನ್ ಬಿಟ್ಟುಹೋದ ಮೇಲೆ ಜಾನ್ ಮೇಯಲ್ ಅವರ ‘ಬ್ಲೂಸ್‌ಬ್ರೇಕರ್ಸ್’ ತಂಡಕ್ಕೆ ಗಿಟಾರ್ ನುಡಿಸಲು ಬಂದಾಗ ಅವನಿಗೆ ಇಪ್ಪತ್ತೂ ದಾಟಿರಲಿಲ್ಲ. ಮೇಯಲ್ ಉಡುಗೊರೆಯಾಗಿ ಬಿಟ್ಟುಕೊಟ್ಟ ಸ್ಟುಡಿಯೊ ಸಮಯದಲ್ಲಿ ಮುದ್ರಿಸಿದ ಒಂದು ರಚನೆಗೆ ಗ್ರೀನ್ ಜೊತೆಗಾರರ ಹೆಸರನ್ನೇ ಇಟ್ಟ: ಡ್ರಮ್ಮರ್ ಮಿಕ್ ಫ್ಲೀಟ್‌ವುಡ್, ಬೇಸ್ ನುಡಿಸುವ ಜಾನ್ ಮ್ಯಾಕ್‌ವೀ. 1967ರಲ್ಲಿ ಸ್ವಂತ ತಂಡ ಕಟ್ಟಿದಾಗಲೂ ಅದೇ ಹೆಸರು. ಆಗಸ್ಟ್ 13ರಂದು ವಿಂಡ್ಸರ್ ಉತ್ಸವದಲ್ಲಿ ಮೊದಲ ಕಛೇರಿ ನಡೆದಾಗ ಮ್ಯಾಕ್‌ವೀ ಇನ್ನೂ ಮೇಯಲ್ ಬಳಿಯೇ ಇದ್ದ. ಬೇಸ್ ಹಿಡಿದದ್ದು ಬಾಬ್ ಬ್ರನಿಂಗ್.

ಬೆರಳಿಗೆ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸುತ್ತ ತಂಡದ ಇನ್ನೊಬ್ಬ ಗಿಟಾರ್ ವಾದಕ ಜೆರೆಮಿ ಸ್ಪೆನ್ಸರ್ ಅಮೆರಿಕದ ಬ್ಲೂಸ್ ಕಲಾವಿದ ಎಲ್ಮೋರ್ ಜೇಮ್ಸ್‌ನ ಬಾನಿಯಲ್ಲಿ ಅಬ್ಬರಿಸುತ್ತಿದ್ದ. ಗ್ರೀನ್ ಹಾದಿ ಬೇರೆ. ಮಿಕ್ಕವರು ವೇಗದ ಬೆನ್ನು ಹತ್ತಿದ್ದ ಕಾಲದಲ್ಲಿ ಅವನು ಸ್ವರಗಳನ್ನು ಅಳೆದು ಮೀಟಿ, ನಡುವಿನ ಬಿಡುವನ್ನೂ ಹಾಡಿಸುತ್ತಿದ್ದ. ಅವನ ಲೆಸ್ ಪಾಲ್ ಗಿಟಾರಿನಲ್ಲಿ ತಂತಿಯ ಕಂಪನ ಹಿಡಿಯುವ ಎರಡು ಪಿಕಪ್‌ಗಳ ಪೈಕಿ ಒಂದರ ಅಯಸ್ಕಾಂತ ತಿರುವುಮುರುವಾಗಿತ್ತು. ಎರಡೂ ಪಿಕಪ್ ಸೇರಿಸಿ ನುಡಿಸಿದರೆ ಮೂಗಿನಿಂದ ಹಾಡಿದಂಥ ಟೊಳ್ಳು ನಾದ. 1968ರ ಕೊನೆಯಲ್ಲಿ ಬಂದ ‘ಆಲ್ಬಟ್ರಾಸ್’ನಲ್ಲಿ ಮಾತೇ ಇಲ್ಲ, ಆತುರವೂ ಇಲ್ಲ. ಸ್ಪೆನ್ಸರ್ ಇದರಲ್ಲಿ ನುಡಿಸಿಲ್ಲ. ಎರಡನೆಯ ಗಿಟಾರ್ ಆಗಷ್ಟೇ ಸೇರಿದ್ದ ಹದಿನೆಂಟರ ಡ್ಯಾನಿ ಕಿರ್ವಾನ್‌ನದು. ಮುಂದಿನ ಜನವರಿಯಲ್ಲಿ ಅದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ತಿಂಗಳು ಈ ಹುಡುಗರು ಶಿಕಾಗೋದ ಚೆಸ್ ಸ್ಟುಡಿಯೊದಲ್ಲಿ ವಿಲ್ಲಿ ಡಿಕ್ಸನ್, ಓಟಿಸ್ ಸ್ಪಾನ್ ಅವರಂಥ ಹಿರಿಯರ ಪಕ್ಕದಲ್ಲಿ ಕೂತು ನುಡಿಸಿದರು. ಸಾಂಟಾನಾ ಜಗತ್ತಿಗೆಲ್ಲ ಕೇಳಿಸಿದ ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಮೂಲದಲ್ಲಿ ಗ್ರೀನ್ ಬರೆದ ಹಾಡು ಎಂಬುದನ್ನು ಇನ್ನಷ್ಟು ಜನ ತಿಳಿಯಬೇಕು.

ಕೀರ್ತಿ, ಹಣ ಎರಡೂ ಅವನಿಗೆ ಹೊರೆಯಾದವು. ಗಳಿಸಿದ್ದನ್ನು ದಾನ ಮಾಡೋಣ ಎಂದರೆ ಜೊತೆಗಾರರು ಒಪ್ಪಲಿಲ್ಲ. ಎಲ್‌ಎಸ್‌ಡಿ ಸೇವನೆ, ಹದಗೆಡುತ್ತಿದ್ದ ಮನಸ್ಸು. 1970ರ ಮೇನಲ್ಲಿ ತಂಡ ಬಿಟ್ಟ. ಮರುವರ್ಷ ಅಮೆರಿಕ ಪ್ರವಾಸದ ನಡುವೆ ಸ್ಪೆನ್ಸರ್ ಒಂದು ಧಾರ್ಮಿಕ ಪಂಥ ಸೇರಿ ಮರೆಯಾದಾಗ ಗೆಳೆಯರು ಗ್ರೀನ್‌ಗೇ ಕರೆ ಕಳಿಸಿದರು. ಅವನು ಬಂದ, ಉಳಿದ ಕಛೇರಿಗಳನ್ನು ನುಡಿಸಿ ಮುಗಿಸಿಕೊಟ್ಟು ಹೊರಟುಹೋದ.