ಮರ ಏರಿದವನ ಕೂಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಕೊನೆಕೊಯ್ಲು ಬಂತೆಂದರೆ ಕೊನೆಗೌಡನಿಗೆ ಎಲ್ಲಿಲ್ಲದ ಬೇಡಿಕೆ. ಕಾಲಿಗೆ ತಳೆ ಹಾಕಿ ಮರ ಏರುತ್ತಾನೆ. ಒಂದು ಮರದ ತುದಿಯಿಂದ ತೂಗಿ ಇನ್ನೊಂದನ್ನು ಹಿಡಿಯುತ್ತಾನೆ. ಕೊಯ್ದ ಕೊನೆಯನ್ನು ಹಗ್ಗದ ಮೇಲೆ ಜಾರಿಸುತ್ತಾನೆ. ಕೈ ತಪ್ಪಿದರೆ ಬೆನ್ನುಮೂಳೆ ಮುರಿದೀತು, ಜೀವವೇ ಹೋದೀತು.

ಇಂಥದೇ ಮರ ಏರುವವನೊಬ್ಬ ಯಹೂದಿಗಳ ತಾಲ್ಮುದ್ ಗ್ರಂಥದಲ್ಲೂ ಇದ್ದಾನೆ. ಸುಮಾರು 1500 ವರ್ಷಗಳ ಹಿಂದೆ ಈಗಿನ ಇರಾಕಿನಲ್ಲಿ ರೂಪುಗೊಂಡ ಗ್ರಂಥ ಅದು. ದಿನಗೂಲಿಯನ್ನು ತಡೆಹಿಡಿಯಬೇಡ ಎಂಬ ಬೈಬಲ್ಲಿನ ಆಜ್ಞೆಯನ್ನು ವಿವರಿಸುತ್ತ ಪಂಡಿತರು ಅವನನ್ನು ಮುಂದೆ ತಂದು ನಿಲ್ಲಿಸುತ್ತಾರೆ. ಆತ ಮರಕ್ಕೆ ಜೋತುಬಿದ್ದು ಸಾವಿಗೆ ಮೈಯೊಡ್ಡಿದ್ದು ಕೂಲಿಗಾಗಿ; ಅದನ್ನು ಕೊಡದೆ ಇಟ್ಟುಕೊಂಡವನು ಜೀವ ತೆಗೆದವನಿಗೆ ಸಮ ಎಂಬುದು ಅವರ ತೀರ್ಮಾನ.

ಮಾತು ಕನಿಕರಕ್ಕೇ ನಿಲ್ಲಲಿಲ್ಲ, ಗಡುವೂ ಇತ್ತು. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯಹೂದಿ ಕಾನೂನು ಗ್ರಂಥ ಮಿಶ್ನಾ ಪ್ರಕಾರ ಹಗಲು ದುಡಿದವನಿಗೆ ಆ ರಾತ್ರಿ ಕಳೆಯುವುದರೊಳಗೆ, ರಾತ್ರಿ ದುಡಿದವನಿಗೆ ಮರುದಿನ ಮುಗಿಯುವುದರೊಳಗೆ ಕೂಲಿ ಸಲ್ಲಬೇಕು. ಗಡುವಿನೊಳಗೆ ತಕರಾರು ಎದ್ದರೆ ಆಳು ಪ್ರಮಾಣ ಮಾಡಿ ಹಣ ಪಡೆಯಬಹುದು. ಕೆಲಸ ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿತಾಯ, ಊಟ ಕೊಡಬೇಕೋ ಬೇಡವೋ ಎಂಬುದಕ್ಕೆಲ್ಲ ಊರಿನ ರೂಢಿಯೇ ಕಾನೂನು. ಆಸರಿ, ಊಟ, ಚಹಾ ಎಲ್ಲವನ್ನೂ ಕೂಲಿಯ ಜೊತೆಗೇ ಲೆಕ್ಕ ಹಿಡಿಯುವ ಮಲೆನಾಡಿಗೆ ಇದು ಹೊಸತೇನಲ್ಲ.

ಆಳಿಗೂ ಕಟ್ಟುಪಾಡುಗಳಿವೆ. ನಿತ್ಯದ ‘ಶೆಮಾ’ ಪ್ರಾರ್ಥನೆಯನ್ನು ಕೆಲಸಗಾರ ಮರದ ಮೇಲಿಂದಲೇ ಹೇಳಿ ಮುಗಿಸಬಹುದು, ಇಳಿದು ಹತ್ತಿ ಹೊತ್ತು ಕಳೆಯಬೇಕಿಲ್ಲ. ಊಟದ ನಂತರದ ಪ್ರಾರ್ಥನೆಯನ್ನೂ ದಿನಗೂಲಿಯವರಿಗಾಗಿ ಮೊಟಕುಗೊಳಿಸಿದ್ದಾರೆ. ಯಜಮಾನನ ಹೊತ್ತನ್ನು ಅಲ್ಲಿಷ್ಟು ಇಲ್ಲಿಷ್ಟು ಹಾಳುಮಾಡುವುದು ಕೂಡದು ಎಂದು 12ನೇ ಶತಮಾನದ ಪಂಡಿತ ಮೈಮೊನಿಡೀಸ್ ಬರೆದ.

ಅಂಗಡಿಯವನ ಮೇಲೂ ಕಣ್ಣಿದೆ. ಅಳತೆಯ ಪಾತ್ರೆಗಳನ್ನು ವಾರಕ್ಕೆರಡು ಸಲ, ತೂಕದ ಕಲ್ಲುಗಳನ್ನು ವಾರಕ್ಕೊಮ್ಮೆ, ತಕ್ಕಡಿಯನ್ನು ಪ್ರತಿ ತೂಕದ ನಂತರ ಒರೆಸಬೇಕೆನ್ನುತ್ತದೆ ಮಿಶ್ನಾ. ಅಂಟಿಕೊಂಡ ಸರಕಿನಿಂದ ಗಿರಾಕಿಗೆ ನಷ್ಟವಾಗಬಾರದು. ಬೆಳೆಗಾರರೇ ಸೇರಿ ಅಡಿಕೆ ಮಾರಲು 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದ ಸೀಮೆಗೆ ತೂಕ ಮತ್ತು ದರದ ನಂಬಿಕೆ ಎಂಥದೆಂದು ಬಿಡಿಸಿ ಹೇಳಬೇಕಿಲ್ಲ.

ಈ ನಿಯಮಗಳನ್ನು ಬಲ್ಲ ಯಹೂದಿ ವರ್ತಕನೊಬ್ಬ ಕರಾವಳಿಯಲ್ಲೇ ಬಾಳಿದ್ದ. ಟ್ಯುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು 1132ರಿಂದ 1149ರವರೆಗಿನ ಹೆಚ್ಚಿನ ಕಾಲವನ್ನು ಮಂಗಳೂರಿನಲ್ಲಿ ಕಳೆದ. ಅಲ್ಲಿ ಕಂಚಿನ ಸಾಮಾನು ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಕೈರೋದ ಸಿನಗಾಗ್‌ನಲ್ಲಿ ಉಳಿದುಬಂದ ಅವನ ಪತ್ರಗಳಲ್ಲಿ ಕಾಳುಮೆಣಸು, ಏಲಕ್ಕಿ, ಕಬ್ಬಿಣದ ಜೊತೆ ಅಡಿಕೆಯ ವ್ಯಾಪಾರವೂ ಬರುತ್ತದೆ. ಅವನ ಬದುಕು ಪೂರ್ತಿ ಹಸನಾಗಿರಲಿಲ್ಲ. ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮಾಡುತ್ತಿದ್ದ ಬೊಮ್ಮ ಕಾಗದದ ಲೆಕ್ಕದಲ್ಲಿ ಗುಲಾಮ. ಆದರೂ ಏಡನ್ನಿನ ವರ್ತಕರು ಪತ್ರಗಳಲ್ಲಿ ಬೊಮ್ಮನಿಗೂ ವಂದನೆ ತಿಳಿಸುತ್ತಿದ್ದರು. ಆಶು ಎಂಬ ದಾಸಿಗೆ 1132ರ ಅಕ್ಟೋಬರ್ 17ರಂದು ಬೆನ್ ಯಿಜು ಬರೆದುಕೊಟ್ಟ ಬಿಡುಗಡೆಪತ್ರವೂ ಉಳಿದಿದೆ. ಗುಲಾಮಗಿರಿಯನ್ನು ಆ ಕಾಲದ ಧರ್ಮಶಾಸ್ತ್ರ ರದ್ದು ಮಾಡಿರಲಿಲ್ಲ, ಕಟ್ಟಳೆಗೆ ಒಳಪಡಿಸಿತ್ತು ಅಷ್ಟೆ.

ಅಪಾಯದ ಹೊಣೆಯ ಬಗ್ಗೆ ಮಾತ್ರ ಶಾಸ್ತ್ರ ಖಡಾಖಂಡಿತ. ಹೊಸ ಮನೆ ಕಟ್ಟಿದವನು ಮಾಳಿಗೆಗೆ ಕಟಾಂಜನ ಹಾಕಿಸಬೇಕು, ಯಾರೂ ಬೀಳಬಾರದು ಎನ್ನುತ್ತದೆ ಬೈಬಲ್. ತಾಲ್ಮುದ್ ಇದನ್ನು ಇನ್ನಷ್ಟು ಹಿಗ್ಗಿಸಿ, ಕಚ್ಚುವ ನಾಯಿಯನ್ನೂ ಅಲುಗಾಡುವ ಏಣಿಯನ್ನೂ ಮನೆಯಲ್ಲಿ ಇಟ್ಟುಕೊಳ್ಳಕೂಡದು ಎಂದಿತು. ಈಚಿನ ವರ್ಷಗಳಲ್ಲಿ ನೆಲದಲ್ಲಿ ನಿಂತೇ ಕೊನೆ ಕೊಯ್ಯುವ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಫೈಬರ್ ದೋಟಿ ಅಡಿಕೆ ತೋಟಗಳಿಗೆ ಬಂದಿದೆ. ಬೆಲೆ ಹತ್ತಾರು ಸಾವಿರ ರೂಪಾಯಿ. ಆ ಹಳೆಯ ಪಂಡಿತರ ತರ್ಕವನ್ನೇ ಹಿಡಿದು ಹೋದರೆ, ಈ ಖರ್ಚು ಬರೆಯಬೇಕಾದದ್ದು ತೋಟದ ಯಜಮಾನರ ಲೆಕ್ಕದ ಪುಸ್ತಕದಲ್ಲಿ.