ಉಪಗ್ರಹ ಶಿಕ್ಷಣ ಪ್ರಯೋಗವೂ ಸಂಶೋಧನೆಯಲ್ಲಿ ಸಹಕಾರವೂ

ಶಾಲೆಯನ್ನು ಬಿಟ್ಟ ಮೇಲೆಯೂ ಮನುಷ್ಯನ ಕಲಿಕೆ ನಿಲ್ಲುವುದಿಲ್ಲವಷ್ಟೆ. ಪುರಾಣಶ್ರವಣ, ಬಯಲಾಟ, ಸಂತೆಯ ಮಾತುಕತೆ, ಇವುಗಳಿಂದಲೇ ಕನ್ನಡ ನಾಡಿನ ಅನಕ್ಷರಸ್ಥರು ಬಹುಕಾಲ ಲೋಕಜ್ಞಾನವನ್ನು ಸಂಪಾದಿಸುತ್ತ ಬಂದರು. ಈ ಕಲಿಕೆಗೆ ಯಂತ್ರಸಾಧನಗಳ ನೆರವನ್ನು ಒದಗಿಸಬೇಕಾದಲ್ಲಿ ಮಾತ್ರ ಒಂದೇ ಸಂಸ್ಥೆಯ ಶಕ್ತಿ ಸಾಲದು. ಯಂತ್ರವನ್ನು ಬಲ್ಲವರಿಗೆ ಪಾಠಕ್ರಮ ತಿಳಿಯದು. ಪಾಠವನ್ನು ಬಲ್ಲವರಿಗೆ ಹಳ್ಳಿಯ ಮನಸ್ಸು ತಿಳಿಯದು. ಇಂಥವರೆಲ್ಲ ಹೇಗೆ ಕೂಡಿ ದುಡಿಯಬಹುದು, ಆ ಕೂಟ ಎಲ್ಲಿ ಸಡಿಲುತ್ತದೆ ಎಂಬುದಕ್ಕೆ ೧೯೭೫-೭೬ರಲ್ಲಿ ನಡೆದ ಉಪಗ್ರಹ ದೂರದರ್ಶನ ಶಿಕ್ಷಣ ಪ್ರಯೋಗಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ‘ಸೈಟ್’ ಎಂಬುದು ಅದರ ಬಳಕೆಯ ಹೆಸರು.

ವಿಕ್ರಮ ಸಾರಾಭಾಯಿಯವರು ಮುಂದೆ ನಿಂತು ರೂಪಿಸಿದ ಈ ಯೋಜನೆಗೆ ೧೯೬೯ರ ಸೆಪ್ಟೆಂಬರಿನಲ್ಲಿ ಭಾರತದ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾ ಸಂಸ್ಥೆಗೂ ಒಡಂಬಡಿಕೆಯಾಯಿತು. ಪ್ರಯೋಗವನ್ನು ಕಣ್ಣಾರೆ ಕಾಣುವ ಭಾಗ್ಯ ಸಾರಾಭಾಯಿಯವರಿಗೆ ಇರಲಿಲ್ಲ. ಅವರು ೧೯೭೧ರಲ್ಲಿಯೇ ತೀರಿಕೊಂಡರು. ನಾಸಾ ತನ್ನ ಎ.ಟಿ.ಎಸ್.-೬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ, ದಿನಕ್ಕೆ ಸುಮಾರು ನಾಲ್ಕು ಗಂಟೆಗಳಂತೆ, ಬಿಟ್ಟುಕೊಡತಕ್ಕದ್ದು. ನೆಲದ ಮೇಲಿನ ಸಮಸ್ತ ಉಪಕರಣಗಳೂ ಕಾರ್ಯಕ್ರಮಗಳೂ ಭಾರತದವೇ ಆಗಿರತಕ್ಕದ್ದು. ಹೀಗೆ ಗಡಿ ಗುರುತಿಸಿಕೊಂಡುದೇ ಈ ಸಹಕಾರದ ಮೊದಲನೆಯ ಗುಣವೆನ್ನಬೇಕು. ಹಳ್ಳಿಗರಿಗೆ ಏನನ್ನು ಹೇಳಬೇಕೆಂಬುದರಲ್ಲಿ ಉಪಗ್ರಹದ ಒಡೆಯರಿಗೆ ಮಾತಿರಲಿಲ್ಲ.

೧೯೭೫ರ ಆಗಸ್ಟ್ ೧ರಂದು ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳನ್ನು ಗುರಿಯಾಗಿಟ್ಟುಕೊಂಡು ಪ್ರಸಾರ ಆರಂಭವಾಯಿತು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳು ಇದಕ್ಕೆ ಸೇರಿದ್ದವು. ಗ್ರಾಹಕ ಯಂತ್ರಗಳನ್ನು ಹೈದರಾಬಾದಿನ ಇಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ನು ನಿರ್ಮಿಸಿತು. ಮೂರು ಮೀಟರು ಅಗಲದ ಬೋಗುಣಿಯಂತಹ ಆಂಟೆನಾ, ಅದರ ಮೈಗೆ ಕೋಳಿಗೂಡಿಗೆ ಕಟ್ಟುವಂಥ ತಂತಿಬಲೆ: ಆಕಾಶದ ಸಂಕೇತವನ್ನು ಹಿಡಿಯಲು ಅಷ್ಟೇ ಸಾಕಾಯಿತು. ವಿದ್ಯುತ್ತಿಲ್ಲದ ಕೆಲವು ಊರುಗಳಲ್ಲಿ ಬ್ಯಾಟರಿಯಿಂದ ಯಂತ್ರ ನಡೆಯಿತು.

ಬೆಳಗಿನ ಹೊತ್ತು ಶಾಲಾಬಾಲಕರಿಗೆ, ಸಂಜೆ ವಯಸ್ಕರಿಗೆ ಎಂಬುದು ದಿನದ ಕ್ರಮ. ಇವೆರಡಕ್ಕಿಂತಲೂ ವಿಚಾರಾರ್ಹವಾದುದು ಉಪಾಧ್ಯಾಯರ ಶಿಕ್ಷಣ. ಪ್ರಾಥಮಿಕ ಶಾಲೆಯ ಸುಮಾರು ೫೦,೦೦೦ ಉಪಾಧ್ಯಾಯರಿಗೆ ವಿಜ್ಞಾನಬೋಧನೆಯನ್ನು ಕುರಿತು ಎರಡು ತಂಡಗಳಲ್ಲಿ ಹನ್ನೆರಡು ಹನ್ನೆರಡು ದಿನಗಳ ತರಬೇತು ನಡೆಯಿತು. ಅವರನ್ನು ಯಾವ ಪಟ್ಟಣಕ್ಕೂ ಕರೆಸಲಿಲ್ಲ. ಯಂತ್ರವಿದ್ದ ಹಳ್ಳಿಯಲ್ಲಿಯೇ ನೆರೆಹೊರೆಯ ಉಪಾಧ್ಯಾಯರು ಕೂಡಿದರು. ರಾಷ್ಟ್ರೀಯ ಶಿಕ್ಷಣ ಸಂಶೋಧನ ಪರಿಷತ್ತು ಈ ಪಾಠಗಳನ್ನು ಸಿದ್ಧಪಡಿಸುವಾಗ ಚಿತ್ರವನ್ನೊಂದನ್ನೇ ನಂಬಲಿಲ್ಲ. ನೋಡಿದುದನ್ನು ರೇಡಿಯೋ ಪಾಠ ವಿಸ್ತರಿಸಿತು. ಅಚ್ಚಾದ ಕೈಪಿಡಿ ಮಾಡತಕ್ಕ ಪ್ರಯೋಗಗಳನ್ನು ತೋರಿಸಿತು. ಕೊನೆಗೆ ಉಪಾಧ್ಯಾಯರು ತಮ್ಮತಮ್ಮಲ್ಲಿ ಚರ್ಚಿಸಿದರು. ಕಲಿಸುವವನು ಮತ್ತೆ ಕಲಿಯುವವನಾದಾಗ ಪರದೆ ಗುರುವಾಗದೆ ಸಲಕರಣೆಯಾಗಿ ನಿಂತಿತೆಂಬುದು ಇಲ್ಲಿಯ ವಿಶೇಷ.

ಸಂಶೋಧನೆಯೂ ಕಟ್ಟಕಡೆಯ ಲೆಕ್ಕತನಿಖೆಯಾಗಿರಲಿಲ್ಲ. ಕಾರ್ಯಕ್ರಮ ತಯಾರಾಗುವ ಮೊದಲು ಹಳ್ಳಿಗರ ಅಗತ್ಯಗಳ ಶೋಧನೆ, ಪ್ರಸಾರದ ನಡುವೆ ಅವರ ಅಭಿಪ್ರಾಯಗಳ ಸಂಗ್ರಹ, ಮುಗಿದ ಬಳಿಕ ಫಲಪರೀಕ್ಷೆ ಎಂದು ಮೂರು ಹಂತಗಳು. ಪ್ರಶ್ನಾವಳಿಗೆ ಸಿಕ್ಕದ ಸಂಗತಿಗಳಿಗಾಗಿ ಮಾನವಶಾಸ್ತ್ರಜ್ಞರು ಕೆಲವು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ನೆಲೆಸಿದರು. ಆರಂಭದ ನೂಕುನುಗ್ಗಲು ಕ್ರಮೇಣ ಕಡಮೆಯಾದುದು ಅವರ ಗಮನಕ್ಕೆ ಬಂದಿತು. ಆರೋಗ್ಯದ ವಿಷಯದಲ್ಲಿ ಅನಕ್ಷರಸ್ಥರ, ಅದರಲ್ಲಿಯೂ ಸ್ತ್ರೀಯರ, ತಿಳಿವಳಿಕೆ ಹೆಚ್ಚಿತು. ಬೇಸಾಯದಲ್ಲಿ ಅಂತಹ ಫಲ ಕಾಣಲಿಲ್ಲ. ನೆಲ, ನೀರು, ಬೆಳೆ ಊರಿಂದೂರಿಗೆ ಬೇರೆಯಾಗಿರುವಾಗ ಆಕಾಶದಿಂದ ಬರುವ ಒಂದೇ ಉಪದೇಶ ಎಲ್ಲರ ಹೊಲಕ್ಕೂ ಹೇಗೆ ಒಪ್ಪೀತು?

ಕನ್ನಡದ ಪಾಲನ್ನು ನೋಡಿದರೆ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಹಿಂದಿ, ಒರಿಯ, ತೆಲುಗು, ಕನ್ನಡ ನಾಲ್ಕಕ್ಕೂ ಹೊತ್ತನ್ನು ಹಂಚಬೇಕಾಗಿದ್ದುದರಿಂದ ಬೆಳಗಿನ ಪಾಠದಲ್ಲಿ ಒಂದೊಂದು ಭಾಷೆಗೆ ದೊರೆತುದು ಇಪ್ಪತ್ತೆರಡೂವರೆ ನಿಮಿಷ. ಆಕಾಶವಾಣಿಯ ನಿರ್ಮಾಣಕೇಂದ್ರಗಳು ದೆಹಲಿ, ಕಟಕ, ಹೈದರಾಬಾದುಗಳಲ್ಲಿದ್ದವು. ಕನ್ನಡದ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನಲ್ಲಿ. ರಾಯಚೂರಿನ ರೈತನ ಮಾತು ಅಲ್ಲಿಗೆ ಮುಟ್ಟಬೇಕಾದರೆ ಬಹಳ ಕೈಗಳನ್ನು ದಾಟಬೇಕಾಗಿತ್ತು. ಅದೇ ೧೯೭೫ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಆರಂಭವಾದ ಯೋಜನೆ ಬೇರೆ ಹಾದಿ ಹಿಡಿಯಿತು. ಪೀಜ್ ಗ್ರಾಮದ ಸಣ್ಣ ಪ್ರಸಾರಯಂತ್ರ, ಒಂದೇ ಜಿಲ್ಲೆ, ಆ ಸೀಮೆಯ ಆಡುನುಡಿ, ಹಳ್ಳಿಗರೇ ಪಾತ್ರಧಾರಿಗಳು. ಖೇಡಾ ಯೋಜನೆ ಹತ್ತು ವರ್ಷ ಬಾಳಿತು. ಗ್ರಾಮೀಣ ಸಂಪರ್ಕಕ್ಕಾಗಿ ಯುನೆಸ್ಕೋದ ಬಹುಮಾನವೂ ೧೯೮೪ರಲ್ಲಿ ಅದಕ್ಕೆ ಸಂದಿತು.

ಇತ್ತ ೧೯೭೬ರ ಜುಲೈ ೩೧ಕ್ಕೆ ಒಡಂಬಡಿಕೆಯ ಅವಧಿ ತೀರಿತು. ಉಪಗ್ರಹ ಪಶ್ಚಿಮಕ್ಕೆ ಮರಳಿತು. ಆ ದಿನದವರೆಗಿನ ಕರ್ತವ್ಯಗಳೆಲ್ಲ ಒಡಂಬಡಿಕೆಯಲ್ಲಿ ವಿಶದವಾಗಿದ್ದವು; ಮಾರನೆಯ ಸಂಜೆ ಯಂತ್ರದ ಮುಂದೆ ಬಂದು ಕೂತವನಿಗೆ ಉತ್ತರ ಹೇಳುವ ಹೊಣೆ ಅದರೊಳಗೆ ಇರಲಿಲ್ಲ. ೧೯೭೭ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಪ್ರಸಾರಕೇಂದ್ರ ಸ್ಥಾಪಿತವಾಗಿ, ಅದರ ಅಳವಿಗೆ ಸಿಕ್ಕಿದ ಹಳ್ಳಿಗಳಿಗೆ ಚಿತ್ರ ಮರಳಿ ಬಂದಿತು, ದೂರದವು ಕಾಯಬೇಕಾಯಿತು. ಶಿಕ್ಷಣಕ್ಕೆಂದೇ ಮೀಸಲಾದ ಎಡುಸ್ಯಾಟ್ ಉಪಗ್ರಹ ೨೦೦೪ರ ಸೆಪ್ಟೆಂಬರಿನಲ್ಲಿ ಮೇಲೇರಿದಾಗ, ಅದರ ಮೊದಲ ಪ್ರಯೋಗಗಳಲ್ಲಿ ಒಂದನ್ನು ನಡೆಸಿದುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ. ಈ ಬಾರಿ ಪಾಠ ಹೇಳುವವರೂ ಕರ್ನಾಟಕದೊಳಗೇ ಇದ್ದರು.