ನಕಲು ಮುಗಿಯುವುದು ಎಲ್ಲಿ? ಇಲಿಯ ಒಂದು ಜೀನು ಹೇಳುವ ಪಾಠ

ಜೀವಕೋಶವು ಇಬ್ಭಾಗವಾಗುವ ಮೊದಲು ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುತ್ತದೆ ಎಂಬುದು ನಿಮಗೆ ಗೊತ್ತು. ಈ ಕ್ರಿಯೆ ಹೇಗೆ ಆರಂಭವಾಗುತ್ತದೆ ಎಂದು ತರಗತಿಯಲ್ಲಿ ವಿವರಿಸುತ್ತೇವೆ. ಹೇಗೆ ಮುಗಿಯುತ್ತದೆ ಎಂಬುದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ. ಆದರೆ ಮುಕ್ತಾಯ ಸರಿಯಾಗದಿದ್ದರೆ ಕೋಶ ವಿಭಜನೆಯ ವೇಳೆ ಡಿಎನ್‌ಎ ತುಂಡಾಗಬಹುದು.

ಒಂದು ಸರಳ ಲೆಕ್ಕ ಮಾಡೋಣ. ಡಿಎನ್‌ಎಯಲ್ಲಿ ಒಂದು ಪ್ರತ್ಯಾಮ್ಲ ಜೋಡಿಯಿಂದ ಮುಂದಿನದಕ್ಕೆ 0.34 ನ್ಯಾನೊಮೀಟರ್. ಅದನ್ನು 1 ಮಿಲಿಮೀಟರಿಗೆ ಹಿಗ್ಗಿಸಿದೆವೆನ್ನಿ. ಆಗ ದಾವಣಗೆರೆಯಿಂದ ಹರಿಹರದವರೆಗಿನ ಸುಮಾರು 14 ಕಿ.ಮೀ. ದಾರಿಯು 1.4 ಕೋಟಿ ಜೋಡಿಗಳಾಗುತ್ತದೆ. ಇಲಿಯ ವರ್ಣತಂತುಗಳ ಒಂದು ಗಣದಲ್ಲಿ ಸುಮಾರು 270 ಕೋಟಿ ಜೋಡಿಗಳಿವೆ. ನಮ್ಮ ಅಳತೆಯಲ್ಲಿ 2,700 ಕಿ.ಮೀ.! ನಕಲು ಮಾಡುವ ಕಿಣ್ವಗಳ ತಂಡ ಸೆಕೆಂಡಿಗೆ ಹೆಚ್ಚುಕಡಿಮೆ 50 ಜೋಡಿ, ಅಂದರೆ 5 ಸೆಂ.ಮೀ. ಸಾಗುತ್ತದೆ. ದಾವಣಗೆರೆಯಿಂದ ಒಂದು, ಹರಿಹರದಿಂದ ಒಂದು ತಂಡ ಹೊರಟರೆ ಅವು ಸಂಧಿಸಲು 1,40,000 ಸೆಕೆಂಡು, ಎಂದರೆ ಸುಮಾರು 39 ಗಂಟೆ ಬೇಕು. ಕೋಶಕ್ಕಿರುವ ಅವಧಿಯೋ ಸುಮಾರು 8 ಗಂಟೆ. ಆದ್ದರಿಂದ ದಾರಿಯುದ್ದಕ್ಕೂ ಹಲವೆಡೆ ಕೆಲಸ ಆರಂಭವಾಗಲೇಬೇಕು. ಆರಂಭಗಳು ಹೆಚ್ಚಿದಂತೆ ಸಂಧಿಸುವ ತಾಣಗಳೂ ಹೆಚ್ಚುತ್ತವೆ.

ಇವುಗಳಲ್ಲಿ ಬಹುಪಾಲು ತಾಣಗಳು ಮೊದಲೇ ಗೊತ್ತಾದವಲ್ಲ. ಎರಡು ತಂಡಗಳು ಎಲ್ಲಿ ಎದುರಾಗುತ್ತವೆಯೋ ಅಲ್ಲಿಯೇ ಮುಕ್ತಾಯ. ಆದರೆ ರೈಬೋಸೋಮಿನ ಆರ್‌ಎನ್‌ಎಗೆ ಸಂಬಂಧಿಸಿದ ಜೀನುಗಳಲ್ಲಿ ಹಾಗಲ್ಲ. ಇವು ಒಂದರ ಹಿಂದೆ ಒಂದರಂತೆ ಸಾಲುಗಟ್ಟಿವೆ. ಇಲ್ಲಿ ಆರ್‌ಎನ್‌ಎ ಪಾಲಿಮರೇಸ್-1 ಎಂಬ ಕಿಣ್ವ ಬಿಡುವಿಲ್ಲದೆ ಆರ್‌ಎನ್‌ಎ ತಯಾರಿಸುತ್ತಿರುತ್ತದೆ. ನಕಲು ತಂಡ ಎದುರಿನಿಂದ ಬಂದರೆ ಢಿಕ್ಕಿ ಸಂಭವ!

ಇದನ್ನು ತಪ್ಪಿಸುವಲ್ಲಿ ಇಲಿಯ ಟಿಟಿಎಫ್-1 ಜೀನು ನೆರವಾಗುತ್ತದೆ. ಇದರ ಪ್ರೋಟೀನು ಜೀನಿನ ಕೊನೆಯಾಚೆ ಇರುವ 18 ಜೋಡಿಗಳ 'ಸಾಲ್ ಪೆಟ್ಟಿಗೆ' ಎಂಬ ಘಟಕಗಳಿಗೆ ಅಂಟಿಕೊಂಡು ಪಾಲಿಮರೇಸನ್ನು ನಿಲ್ಲಿಸುತ್ತದೆ. ಅದೇ ಪ್ರೋಟೀನು ಎದುರಿನಿಂದ ಬರುವ ನಕಲು ತಂಡವನ್ನೂ ತಡೆಯುತ್ತದೆ, ಆದರೆ ಪಾಲಿಮರೇಸ್ ಸಾಗುವ ದಿಕ್ಕಿನಲ್ಲೇ ಬರುವ ತಂಡಕ್ಕೆ ದಾರಿ ಬಿಡುತ್ತದೆ ಎಂದು ಜರ್ಮನಿಯ ವಿಜ್ಞಾನಿಗಳ ತಂಡ 1997ರಲ್ಲಿ ತೋರಿಸಿತು. ಇದು ಏಕಮುಖ ಸಂಚಾರದ ಏರ್ಪಾಡು. ಇ. ಕೋಲಿ ಬ್ಯಾಕ್ಟೀರಿಯದಲ್ಲಿ ಟಸ್, ಯೀಸ್ಟಿನಲ್ಲಿ ಫಾಬ್-1 ಎಂಬ ಬೇರೆ ಪ್ರೋಟೀನುಗಳು ಇಂಥದೇ ತಡೆಯೊಡ್ಡುತ್ತವೆ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ: ಶ್ವಾಸಕೋಶದ ಕ್ಯಾನ್ಸರ್ ಪತ್ತೆಗೆ ರೋಗವಿಜ್ಞಾನಿಗಳು ಬಳಸುವ 'ಟಿಟಿಎಫ್-1' ಬೇರೆ. ಅದು ಥೈರಾಯ್ಡ್‌ಗೆ ಸಂಬಂಧಿಸಿದ ಇನ್ನೊಂದು ಪ್ರೋಟೀನು. ಹೆಸರು ಒಂದೇ ಆದರೂ ಜೀನು ಒಂದೇ ಅಲ್ಲ.

ಕೊನೆಗೆ ಒಂದು ಪ್ರಯೋಗ. ಎರಡು ದಾರಗಳನ್ನು ಒಟ್ಟಿಗೆ ಹೊಸೆದು, ಎರಡೂ ತುದಿಗಳನ್ನು ತಿರುಗದಂತೆ ಬಿಗಿಯಾಗಿ ಕಟ್ಟಿ. ಒಂದೊಂದು ತುದಿಯ ಬಳಿ ದಾರಗಳ ನಡುವೆ ಒಂದೊಂದು ಪೆನ್ಸಿಲ್ ತೂರಿಸಿ, ಅವನ್ನು ಮಧ್ಯಕ್ಕೆ ಸರಿಸಿ. ನಡುವಿನ ಹೊಸೆತ ಬಿಗಿಯಾಗುತ್ತ ಹೋಗಿ ಪೆನ್ಸಿಲ್‌ಗಳು ನಿಂತುಬಿಡುತ್ತವೆ. ಎಷ್ಟೇ ನೂಕಿದರೂ ಅವು ಸಂಧಿಸವು. ಏಕೆಂದರೆ ಸುತ್ತುಗಳ ಸಂಖ್ಯೆ ಕಡಿಮೆಯಾಗಿಲ್ಲ. ದಾರವನ್ನು ಕತ್ತರಿಸಿ, ಸುತ್ತು ಬಿಡಿಸಿ, ಮತ್ತೆ ಜೋಡಿಸಿದರೆ ಮಾತ್ರ ಸಾಧ್ಯ. ಕೋಶದಲ್ಲಿ ಈ ಕೆಲಸ ಟೋಪೊಐಸೊಮರೇಸ್ ಕಿಣ್ವಗಳದು. ಅವಿಲ್ಲದೆ ಎರಡು ನಕಲುಗಳೂ ಒಂದಕ್ಕೊಂದು ತೊಡರಿಕೊಂಡೇ ಉಳಿಯುತ್ತವೆ.